ಮಾತಿನ ಅಡಿಯಲ್ಲಿದ್ದ ಸಂಗೀತ

‘ಬ್ಲೇಡ್ ರನ್ನರ್’ ಚಿತ್ರ 1982ರಲ್ಲಿ ಬಂದಾಗ ಕೊನೆಯ ಟೈಟಲ್‌ಗಳಲ್ಲಿ ಸಂಗೀತದ ಆಲ್ಬಂ ಸಿಗುತ್ತದೆ ಎಂಬ ಸಾಲೂ ಇತ್ತು. ಆಲ್ಬಂ ಬರಲಿಲ್ಲ. ಆ ವರ್ಷ ಬಂದದ್ದು ಬೇರೊಂದು ಆರ್ಕೆಸ್ಟ್ರಾ ನುಡಿಸಿದ ಆವೃತ್ತಿ. ಚಿತ್ರಕ್ಕೆ ಸಂಗೀತ ಕೊಟ್ಟ ವ್ಯಾಂಜೆಲಿಸ್ ತಾವೇ ನುಡಿಸಿದ್ದು ಕೇಳುಗರ ಕೈಗೆ ಸಿಕ್ಕಿದ್ದು 1994ರಲ್ಲಿ, ಅದೂ ಅರೆಬರೆ. ಚಿತ್ರದಲ್ಲಿರುವ ಎಷ್ಟೋ ತುಣುಕುಗಳು ಆ ಸಿ.ಡಿ.ಯಲ್ಲಿಲ್ಲ. ಚಿತ್ರದಲ್ಲಿಲ್ಲದ ‘ರೇಚಲ್ಸ್ ಸಾಂಗ್’ ಇದೆ. ಕೆಲವು ಕಡೆ ಸಂಗೀತದ ಮೇಲೆ ಪಾತ್ರಗಳ ಮಾತು ಕೂತಿದೆ.

ಚಿತ್ರದಲ್ಲಿ ಬರುವ ಟೈರೆಲ್ ಕಂಪನಿಯ ಕಟ್ಟಡದ ಒಳಗೆ ನಡೆಯುವ ಒಂದು ದೃಶ್ಯದ ಹಿಂದೆ ಸುಮಾರು ಎರಡೂವರೆ ನಿಮಿಷದ ಸಂಗೀತವಿದೆ. ಅದು ನನ್ನನ್ನು ಹಿಡಿದು ಬಿಡಲೇ ಇಲ್ಲ. 2004ರಲ್ಲಿ ಅದನ್ನು ಮಾತಿಲ್ಲದೆ, ಹೆಜ್ಜೆಸದ್ದಿಲ್ಲದೆ ಕೇಳಬೇಕು ಅನ್ನಿಸಿ ಕೆಲಸಕ್ಕೆ ಕೂತೆ. ಮಾರಲು ಅಲ್ಲ, ಹಂಚಲೂ ಅಲ್ಲ. ಹಕ್ಕು ನನ್ನದಲ್ಲ ಎಂಬುದು ಮೊದಲ ದಿನದಿಂದಲೇ ಸ್ಪಷ್ಟವಿತ್ತು.

ಕೈಯಲ್ಲಿದ್ದದ್ದು ಡೈರೆಕ್ಟರ್ಸ್ ಕಟ್ ಡಿ.ವಿ.ಡಿ., ಎರಡು ಚಾನಲ್‌ನ ಧ್ವನಿ. ಆದರೆ ಆ ಎರಡರೊಳಗೆ ನಾಲ್ಕು ಅಡಗಿರುತ್ತವೆ. ಡಾಲ್ಬಿ ಸ್ಟೀರಿಯೋದಲ್ಲಿ ಮಧ್ಯದ ಚಾನಲ್ ಎಡಬಲ ಎರಡರಲ್ಲೂ ಸಮವಾಗಿ ಬೆರೆತಿರುತ್ತದೆ, ಹಿಂಬದಿಯ ಚಾನಲ್ ಎಡಬಲಗಳಲ್ಲಿ ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿರುತ್ತದೆ, ಅಂದರೆ ಒಂದರಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಮಾತು ಇರುವುದು ಮಧ್ಯದಲ್ಲಿ. ಹಾಗಾಗಿ ಎಡದಿಂದ ಬಲವನ್ನು ಕಳೆದರೆ ಮಾತು ತನ್ನಷ್ಟಕ್ಕೆ ರದ್ದಾಗಿ, ಅಗಲಕ್ಕೆ ಹರಡಿದ ಸಂಗೀತ ಉಳಿಯುತ್ತದೆ. ಮೊದಲ ಸಲ ಹಾಗೆ ಕಳೆದು ಹೆಡ್‌ಫೋನ್ ಹಾಕಿಕೊಂಡಾಗ ನನಗೆ ಮೈ ಜುಮ್ಮೆಂದಿತು. ಮಾತಿನ ಹಿಂದೆ ಇಷ್ಟು ವರ್ಷ ಕೇಳಿಸದಿದ್ದ ಎತ್ತರದ ಸ್ವರವೊಂದು ತಣ್ಣಗೆ ನಿಂತಿತ್ತು.

ಆದರೆ ಉಳಿದದ್ದು ಒಂದೇ ಚಾನಲ್, ಅದೂ ಸೊರಗಿದ್ದು. ಮಧ್ಯದಲ್ಲಿದ್ದ ಮಂದ್ರಸ್ವರಗಳೆಲ್ಲ ಮಾತಿನ ಜೊತೆಗೇ ಹೋಗಿದ್ದವು. ಮಾತಿಗೆ ಹಾಕಿದ್ದ ಪ್ರತಿಧ್ವನಿ ಅಗಲವಾಗಿದ್ದರಿಂದ ಅದು ಹೋಗಿರಲಿಲ್ಲ, ದೆವ್ವದ ಪಿಸುಮಾತಿನಂತೆ ಉಳಿದಿತ್ತು. ಡಿ.ವಿ.ಡಿ.ಗಾಗಿ ಧ್ವನಿಯನ್ನು ಅದುಮಿದಾಗ ಆಗುವ ಗುಳುಗುಳು ಸದ್ದು ಸಾಮಾನ್ಯವಾಗಿ ಕಿವಿಗೆ ಬೀಳುವುದಿಲ್ಲ. ಇಲ್ಲಿ ಅದನ್ನು ಮುಚ್ಚಿದ್ದ ಸದ್ದು ಹೋದದ್ದೇ ಅದು ಮೇಲೆದ್ದು ಬಂತು.

ಎರಡನೇ ದಾರಿ ಡಬ್ಬಿಂಗ್. ಬೇರೆ ಭಾಷೆಗೆ ಡಬ್ ಮಾಡುವವರಿಗೆ ಮಾತಿಲ್ಲದ, ಸಂಗೀತ ಮತ್ತು ಇತರ ಸದ್ದುಗಳಷ್ಟೇ ಇರುವ ಟ್ರ್ಯಾಕ್ ಕೊಡುತ್ತಾರೆ. ಅಂದರೆ ಇಂಗ್ಲಿಷ್‌ನಲ್ಲೂ ಫ್ರೆಂಚ್‌ನಲ್ಲೂ ಸಂಗೀತ ಒಂದೇ, ಮೇಲಿನ ಮಾತಷ್ಟೇ ಬೇರೆ. ತುಟಿಗೆ ಹೊಂದಿಸಬೇಕಾದ್ದರಿಂದ ಎರಡೂ ಭಾಷೆಯವರು ಹೆಚ್ಚುಕಡಿಮೆ ಒಟ್ಟಿಗೇ ಮಾತಾಡುತ್ತಾರೆ, ನಿಜ. ಆದರೂ ಒಬ್ಬರು ಕಾಲು ಸೆಕೆಂಡು ಮೊದಲು ನಿಲ್ಲಿಸುತ್ತಾರೆ, ಇನ್ನೊಬ್ಬರು ತಡವಾಗಿ ಶುರು ಮಾಡುತ್ತಾರೆ. ಆ ಸಂದುಗಳನ್ನು ಹೆಕ್ಕಿ ಹೆಕ್ಕಿ ಜೋಡಿಸಿದೆ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ನಾನು ತಂದ ಡಬ್ಬಿಂಗ್ ಡಿಸ್ಕ್ ಟಿ.ವಿ.ಯ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಫ್ರೇಮು. ಚಿತ್ರ ತೆಗೆದದ್ದು 24ರಲ್ಲಿ. ಹೀಗೆ ಓಡಿಸಿದರೆ 117 ನಿಮಿಷದ ಚಿತ್ರ 112ರ ಆಸುಪಾಸಿಗೆ ಮುಗಿಯುತ್ತದೆ, ಶ್ರುತಿ ಸುಮಾರು 70 ಸೆಂಟ್ಸ್ ಏರುತ್ತದೆ. ಅರ್ಧಸ್ವರಕ್ಕೆ 100 ಸೆಂಟ್ಸ್ ಅಂದಮೇಲೆ ಇದು ಸಣ್ಣ ವ್ಯತ್ಯಾಸವಲ್ಲ. ಮೊದಲ ಎರಡು ವಾರ ಇದನ್ನು ಗಮನಿಸದೆ, ಬರೆದುಕೊಂಡ ಸ್ವರಗಳೆಲ್ಲ ಶ್ರುತಿ ತಪ್ಪಿ ಕೂತವು. ಈ ಕೆಲಸಕ್ಕೆ ಇಳಿಯುವವರು ಮೊದಲು ಡಿಸ್ಕಿನ ವೇಗ ನೋಡಬೇಕು, ಉಳಿದದ್ದೆಲ್ಲ ಆಮೇಲೆ.

ಇಷ್ಟೆಲ್ಲ ಮಾಡಿದರೂ 40 ಸೆಕೆಂಡಿನಷ್ಟು ಕೈಗೆ ಬರಲಿಲ್ಲ. ಎಲ್ಲ ಭಾಷೆಯಲ್ಲೂ ಅಲ್ಲಿ ಮಾತೇ ಮಾತು. ಅದನ್ನು ನಾನೇ ನುಡಿಸಬೇಕಿತ್ತು.

ವ್ಯಾಂಜೆಲಿಸ್ ಅವರ ಮುಖ್ಯ ವಾದ್ಯ ಯಮಹಾ ಸಿ.ಎಸ್.-80 ಎಂಬ ಸಿಂಥಸೈಸರ್. ಅದರಲ್ಲಿ ಪ್ರತಿ ಕೀಲಿಯೂ ಒತ್ತಡವನ್ನು ಬೇರೆಬೇರೆಯಾಗಿ ಗ್ರಹಿಸುತ್ತದೆ. ನಾಲ್ಕು ಸ್ವರ ಹಿಡಿದು ಕಿರುಬೆರಳಿನದನ್ನಷ್ಟೇ ಒತ್ತಿದರೆ ಅದೊಂದೇ ಅರಳುತ್ತದೆ, ಕಂಪಿಸುತ್ತದೆ. ನನ್ನ ಕೀಬೋರ್ಡಿಗೆ ಆ ಶಕ್ತಿ ಇರಲಿಲ್ಲ. ಒಂದನ್ನು ಒತ್ತಿದರೆ ನಾಲ್ಕೂ ಕಂಪಿಸುತ್ತಿದ್ದವು. ಆರ್ಟೂರಿಯಾದ ಸಿ.ಎಸ್.-80 ಸಾಫ್ಟ್‌ವೇರ್ ಆಗ ಬಂದಿತ್ತು. ಅದನ್ನು ನಾಲ್ಕು ಟ್ರ್ಯಾಕ್‌ಗಳಲ್ಲಿ ತೆರೆದು, ಒಂದೊಂದರಲ್ಲೂ ಒಂದೇ ಬೆರಳಿನ ಸ್ವರ ನುಡಿಸಿ ಆಮೇಲೆ ಕೂಡಿಸಿದೆ. ನಿಜವಾದ ಸಿ.ಎಸ್.-80ರಲ್ಲಿ ಸ್ವರ ಹುಟ್ಟಿಸುವ ಆಸಿಲೇಟರ್‌ಗಳು ಬಿಸಿಯಾದಂತೆ ಶ್ರುತಿಯಿಂದ ಸ್ವಲ್ಪ ಜಾರುತ್ತವೆ. ಅದಕ್ಕಾಗಿ ಪ್ರತಿ ಟ್ರ್ಯಾಕಿಗೂ ಎರಡು ಮೂರು ಸೆಂಟ್ಸ್‌ನ ನಿಧಾನದ ಓಲಾಟ ಕೊಟ್ಟೆ. ಮೂಲದಲ್ಲಿರುವ ಪ್ರತಿಧ್ವನಿ ಲೆಕ್ಸಿಕಾನ್ 224 ಎಂಬ ಡಿಜಿಟಲ್ ಯಂತ್ರದ್ದು. ನಾನು ಪ್ರತಿಧ್ವನಿಯ ಅಚ್ಚು ತೆಗೆದು ಬೇರೆ ಸದ್ದಿಗೆ ಹಾಕುವ ಕನ್ವಲ್ಯೂಷನ್ ರಿವರ್ಬ್ ಬಳಸಿದೆ. ಆದರೆ ಅದು ಒಂದು ಕ್ಷಣದ ಅಚ್ಚು, ಆ ಯಂತ್ರದ ಪ್ರತಿಧ್ವನಿಯ ಬಾಲ ಒಳಗೊಳಗೇ ಚಲಿಸುತ್ತಿರುತ್ತದೆ. ಆ ಚಲನೆ ನನಗೆ ಪೂರ್ತಿ ಸಿಗಲೇ ಇಲ್ಲ.

ನಾದ ಹತ್ತಿರ ಬಂತು, ಜೀವ ಬರಲಿಲ್ಲ. ಸ್ವರಗಳನ್ನು ಕಂಪ್ಯೂಟರ್ ಪರದೆಯ ತಾಳದ ಗೆರೆಗಳಿಗೆ ಹೊಂದಿಸಿ, ಟೆಂಪೋ ಲೆಕ್ಕ ಹಾಕಿ, ನೂರಾರು ಸಲ ತಿದ್ದಿದೆ. ಪ್ರತಿ ಸಲವೂ ಸತ್ತಂತೆ ಕೇಳುತ್ತಿತ್ತು.

ಆಗ ನೆನಪಾಯಿತು. ವ್ಯಾಂಜೆಲಿಸ್‌ಗೆ ಸ್ವರಲಿಪಿ ಓದಲು ಬರೆಯಲು ಬರುತ್ತಿರಲಿಲ್ಲ. ಲಂಡನ್ನಿನ ತಮ್ಮ ನೀಮೋ ಸ್ಟುಡಿಯೋದಲ್ಲಿ ಚಿತ್ರದ ಟೇಪ್ ಹಾಕಿಕೊಂಡು, ದೃಶ್ಯ ನೋಡುತ್ತಲೇ ನುಡಿಸುತ್ತಿದ್ದರು. ಇದು ತಾಳಕ್ಕೆ ಕಟ್ಟಿದ ಕೃತಿಯಲ್ಲ, ಆಲಾಪನೆ. ಆಲಾಪನೆಗೆ ಮೆಟ್ರೊನೋಮ್ ಹಾಕಿ ಕೂತಿದ್ದೆ ನಾನು.

ಗೆರೆಗಳನ್ನೆಲ್ಲ ಆಫ್ ಮಾಡಿದೆ. ಟಿ.ವಿ.ಯನ್ನು ಕೀಬೋರ್ಡಿನ ಎದುರಿಗಿಟ್ಟು, ಮಾತಿನ ಸಮೇತ ದೃಶ್ಯ ಓಡಿಸುತ್ತ ನುಡಿಸಿದೆ. ಚಿತ್ರದ ನಾಯಕಿ ರೇಚಲ್ ನಡೆದು ಬರುವ ನಿಧಾನ, ನಂತರ ಒಂದು ನೋಟ, ಅದಾದ ಮೇಲೆ ಮೌನ. ಎಲ್ಲಿ ಸ್ವರ ಬಿಡಬೇಕು ಅನ್ನುವುದು ಕೈಗೆ ತಾನಾಗಿ ತಿಳಿಯಿತು. ನಾನು ಗೆರೆ ಲೆಕ್ಕ ಹಾಕಿ ಇಟ್ಟಿದ್ದ ಜಾಗಕ್ಕೂ ಇದಕ್ಕೂ ಅರ್ಧ ಸೆಕೆಂಡಿನವರೆಗೂ ಅಂತರವಿತ್ತು. ಒಂದು ರಾತ್ರಿಯಲ್ಲಿ ಆ 40 ಸೆಕೆಂಡು ಮುಗಿಯಿತು. ಕಣ್ಣು ತುಂಬಿ ಬಂತು.

ಯಾವುದು ಡಿಸ್ಕಿನಿಂದ ಬಂದದ್ದು, ಯಾವುದು ನಾನು ನುಡಿಸಿದ್ದು ಎಂದು ಸೆಕೆಂಡು ಸೆಕೆಂಡಿನ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕೆಲವು ತಿಂಗಳಾದ ಮೇಲೆ ಕೇಳಿದರೆ ನನ್ನ ಕಿವಿಗೇ ಎರಡೂ ಒಂದಾಗಿ ಬಿಡುತ್ತಿದ್ದವು, ಅದಕ್ಕೇ ಅದು ಬೇಕಿತ್ತು.

2007ರಲ್ಲಿ ಚಿತ್ರದ 25ನೇ ವರ್ಷಕ್ಕೆ ಮೂರು ಸಿ.ಡಿ.ಗಳ ಸಂಗೀತ ಹೊರಬಂತು, ಎರಡನೆಯದರಲ್ಲಿ ಅಲ್ಲಿಯವರೆಗೆ ಬಿಡುಗಡೆಯಾಗದಿದ್ದ ತುಣುಕುಗಳು. ನನ್ನ ತುಣುಕೂ ಇತ್ತು. ಮೊದಲ ಸಲ ಸುಮ್ಮನೆ ಕೇಳಿದೆ. ಎರಡನೇ ಸಲ ನೋಟ್‌ಬುಕ್ ತೆರೆದಿಟ್ಟು, ನನ್ನದನ್ನು ಪಕ್ಕಕ್ಕೆ ಹಾಕಿಕೊಂಡು ಕೇಳಿದೆ. ಶ್ರುತಿ ಸರಿಯಿತ್ತು. ಸ್ವರ ಬಿಡುವ ಜಾಗಗಳು ಬಹುಮಟ್ಟಿಗೆ ಸರಿಯಿದ್ದವು. ಆದರೆ ಮಾತಿನ ದಟ್ಟಣೆಯಲ್ಲಿ ಏನಿದ್ದೀತೆಂದು ಊಹಿಸಿ ನಾನು ಐದು ಸ್ವರ ಜೋಡಿಸಿದ್ದ ಕಡೆ ಅವರು ಏನನ್ನೂ ನುಡಿಸಿರಲಿಲ್ಲ. ಹಿಂದಿನ ಸ್ವರದ ಬಾಲ ಅಷ್ಟೇ, ಕರಗುತ್ತ ಕರಗುತ್ತ ಹೋಗುತ್ತಿತ್ತು.

ಅಂದು ರಾತ್ರಿ ಫೈಲ್ ತೆರೆದು ಆ ಐದನ್ನೂ ಅಳಿಸಿದೆ. ಉಳಿದದ್ದನ್ನು ಮುಟ್ಟಿಲ್ಲ.