ಭೇದಿ ನಿಂತ ಮೇಲೆ ಕಾಫಿ ಯಾವಾಗ?

ಹೋದ ಕಾರ್ತಿಕದಲ್ಲಿ ನಮ್ಮನೆಯವರು ವಿಜಯನಗರದ ನೆಂಟರ ಗೃಹಪ್ರವೇಶಕ್ಕೆ ಹೋಗಿ ಬಂದರು. ಮಾರನೇ ದಿನ ಬೆಳಗಿನ ಜಾವ ಶುರುವಾಯಿತು ನೋಡಿ, ವಾಂತಿ, ಭೇದಿ, ಚಳಿಜ್ವರ. ನನಗೆ ಕೋಸಂಬರಿ ಮೇಲೇ ಅನುಮಾನ. ಬೆಳಿಗ್ಗೆ ಕಲಸಿಟ್ಟ ಹಸಿ ಬೇಳೆ, ಸೌತೆಕಾಯಿ ಮಧ್ಯಾಹ್ನ ಎರಡು ಗಂಟೆಗೆ ಎಲೆಗೆ ಬಿದ್ದರೆ ಇನ್ನೇನಾಗಬೇಕು? ಮಲ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಬಂತು.

ಐದನೇ ದಿನಕ್ಕೆ ಭೇದಿ ನಿಂತಿತು. ಆರನೇ ದಿನ ಬೆಳಿಗ್ಗೆ, "ಒಂದು ಲೋಟ ಕಾಫಿ ಕೊಡೇ, ಬಾಯೆಲ್ಲಾ ಕೆಟ್ಟಿದೆ" ಎಂದರು. ಪಾಪ ಅನ್ನಿಸಿ ಗಟ್ಟಿ ಹಾಲು ಹಾಕಿ ಕೊಟ್ಟೆ. ಒಂದು ಗಂಟೆಯೊಳಗೆ ಹೊಟ್ಟೆ ಗುಡುಗುಡು, ಮತ್ತೆ ಬಚ್ಚಲು. ಇನ್ನೊಮ್ಮೆ ಸೋಂಕಾಯಿತೇನೋ ಎಂದು ಹೆದರಿ ಡಾಕ್ಟರ ಹತ್ತಿರ ಓಡಿದೆವು. ಸೋಂಕಲ್ಲ, ಹಾಲು.

ನಮ್ಮ ಸಣ್ಣಕರುಳಿನ ಒಳಮೈ ಟರ್ಕಿ ಟವಲ್ ಇದ್ದ ಹಾಗಂತೆ, ತುಂಬ ಸಣ್ಣ ಸಣ್ಣ ಎಳೆಗಳು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಆ ಎಳೆಗಳ ತುದಿಯಲ್ಲಿ. ಸೋಂಕು ಬಂದಾಗ ಮೊದಲು ಸವೆಯುವುದೂ ತುದಿಯೇ. ಒಳಪದರ ನಾಲ್ಕೈದು ದಿನಕ್ಕೆ ಹೊಸದಾಗುತ್ತದೆ, ಆದರೆ ಲ್ಯಾಕ್ಟೇಸ್ ಪೂರ್ತಿ ಮರಳಲು ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಕುಡಿದ ಹಾಲು ಅರಗದೆ ದೊಡ್ಡಕರುಳಿಗೆ ಇಳಿದು ಗ್ಯಾಸ್, ಉಬ್ಬರ, ನೀರು ಭೇದಿ. ಜೊತೆಗೆ ಕಾಫಿಯೂ ಕರುಳನ್ನು ಕೆಣಕುತ್ತದೆ. ಹಾಗಾಗಿ ಹಾಲು, ಪಾಯಸ, ಐಸ್‌ಕ್ರೀಂ ಎಲ್ಲ ಬಂದ್. ಮೊಸರು ಮಾತ್ರ ಬೇರೆ ಲೆಕ್ಕ. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಸ್ವಲ್ಪ ತಿಂದು ಮುಗಿಸಿರುತ್ತವೆ. ಉಳಿದದ್ದನ್ನು ಅರಗಿಸಲೂ ನೆರವಾಗುತ್ತವೆ. ಮನೆಯ ಮೊಸರನ್ನು ಕಡೆದು ತೆಳ್ಳಗೆ ಮಾಡಿ, ಉಪ್ಪು, ಚಿಟಿಕೆ ಇಂಗು ಹಾಕಿ ಕೊಟ್ಟೆ. ಒಪ್ಪಿತು.

ಭೇದಿ ಜೋರಿದ್ದಾಗ ಕೈಹಿಡಿದದ್ದು ಸಕ್ಕರೆ, ಉಪ್ಪು ಬೆರೆತ ಪುಡಿ, ಓಆರ್‌ಎಸ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ, ಅಂದಾಜು ನೀರು, ಇದೆಲ್ಲ ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಅಪಾಯ. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಿ. ಡಬ್ಬಿಯ ಹಣ್ಣಿನ ಜ್ಯೂಸು ಇದರ ಬದಲಿಗೆ ಆಗುವುದಿಲ್ಲ, ಅದರ ಸಕ್ಕರೆಯೇ ಭೇದಿ ಹೆಚ್ಚಿಸುತ್ತದೆ. ನಮ್ಮತ್ತೆ ಮಾಡುತ್ತಿದ್ದ ದಾಳಿಂಬೆ ಸಿಪ್ಪೆ ತಂಬುಳಿ ನನಗೂ ಇಷ್ಟ, ಆದರೆ ಅದು ಅನ್ನಕ್ಕೆ, ಓಆರ್‌ಎಸ್ ಜಾಗಕ್ಕಲ್ಲ.

ಮಗ ಫೋನ್‌ನಲ್ಲಿ, "ಹೋದ ವರ್ಷದ ಆ್ಯಂಟಿಬಯಾಟಿಕ್ ಉಳಿದಿತ್ತಲ್ಲಮ್ಮಾ, ಕೊಡು" ಎಂದ. ಕೊಡಲಿಲ್ಲ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಬೇಕು. ಜ್ವರ ಇದ್ದಾಗ, ಮಲದಲ್ಲಿ ರಕ್ತ ಕಂಡಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ, ಏಳೆಂಟು ಗಂಟೆ ಮೂತ್ರವೇ ಬರದಿದ್ದರೆ, ತಲೆ ಸುತ್ತಿದರೆ ತಡ ಮಾಡದೆ ಆಸ್ಪತ್ರೆಗೆ ಹೊರಡಿ. ಬಿಪಿ ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ಭೇದಿ ಶುರುವಾದ ದಿನವೇ ಡಾಕ್ಟರನ್ನು ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆಗಳು ಇಂಥ ಹೊತ್ತಲ್ಲಿ ಮೈಯ ನೀರನ್ನು ಇನ್ನೂ ಇಳಿಸುತ್ತವೆ.

ಊಟ? ಮೊದಲೆರಡು ದಿನ ಅಕ್ಕಿ ಗಂಜಿ, ಹೆಸರುಬೇಳೆ ಕಟ್ಟು. ಆಮೇಲೆ ಮೆತ್ತನೆ ಅನ್ನ, ಇಡ್ಲಿ, ಬೇಯಿಸಿದ ಕ್ಯಾರೆಟ್, ಬಾಳೆಹಣ್ಣು. ಉಪವಾಸ ಹಾಕುವುದು ಹಳೇ ಪದ್ಧತಿ, ಈಗ ಯಾರೂ ಹೇಳುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಕಾಳು, ಕರಿದದ್ದು ಮಾತ್ರ ಕೊನೆಗೆ. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ, ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುತ್ತದೆ.

ಇನ್ನೊಂದು ಕಷ್ಟ ಮೊಮ್ಮಗನದು. ತಾತ ಕಲಸಿ ಕೊಡುವ ಕೈತುತ್ತಿಲ್ಲದೆ ಅವನು ಉಣ್ಣುವುದಿಲ್ಲ. ಆದರೆ ಭೇದಿ ನಿಂತ ಮೇಲೂ ಕೆಲವು ವಾರ ಮಲದಲ್ಲಿ ಸಾಲ್ಮೊನೆಲ್ಲಾ ಹೋಗುತ್ತಿರಬಹುದು. ಸೋಪಿನಲ್ಲಿ ಎಷ್ಟು ತೊಳೆದರೂ ನಾನು ಒಂದು ತಿಂಗಳು ಬಿಡಲಿಲ್ಲ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡರು.

ಎರಡು ತಿಂಗಳಾದರೂ ಅವರಿಗೆ ಆಗಾಗ ಉಬ್ಬರ, ಬೆಳಿಗ್ಗೆ ಎರಡು ಮೂರು ಸಲ ಹೋಗುವುದು ಇತ್ತು. ಇಂಥ ಸೋಂಕಾದ ಹತ್ತು ಜನರಲ್ಲಿ ಒಬ್ಬರಿಗೆ ಹೀಗೆ ತಿಂಗಳುಗಟ್ಟಲೆ ಎಳೆಯುವುದುಂಟು. ತೂಕ ಇಳಿದರೆ, ರಾತ್ರಿ ಎಬ್ಬಿಸುವಂಥ ಭೇದಿಯಾದರೆ ಮಾತ್ರ ಮತ್ತೆ ಬನ್ನಿ ಎಂದರು ಡಾಕ್ಟರು.

ಅಷ್ಟರಲ್ಲಿ ಅವರೇಕಾಯಿ ಕಾಲ ಬಂತು. ಗಾಂಧಿ ಬಜಾರಿನ ತುಂಬ ಸೊಗಡು. ಇವರು ಎರಡು ಕೆಜಿ ಹೊತ್ತು ತಂದು, ಹಿತಕಿ, ನನ್ನ ಮುಖ ನೋಡುತ್ತಾ ಕೂತರು. ಸಂಕ್ರಾಂತಿ ದಿನ ಹಿತಕಿದ ಬೇಳೆ ಸಾರು, ಒಂದೇ ಸೌಟು ಬಡಿಸಿದೆ. ರಾತ್ರಿ ಸುಮ್ನೆ ಮಲಗಿದರು. ಮಾರನೇ ದಿನ ಬೆಳಿಗ್ಗೆ ಅರ್ಧ ಲೋಟ ಕಾಫಿ ಕೊಟ್ಟೆ, ಹಾಲು ಕಮ್ಮಿ. "ಇದೇನು ಕಾಫಿನೋ ಕಷಾಯವೋ" ಎಂದರು.