ತೂಕ ಬಿಟ್ಟು ಉಸಿರು ಅಳೆದೆ: ಲ್ಯಾಂಡ್‌ಫಿಲ್ ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್

ಕಸ ಹೂಳುವ ಜಾಗದ (ಲ್ಯಾಂಡ್‌ಫಿಲ್) ಮಣ್ಣಿನಲ್ಲಿ ಪ್ಲಾಸ್ಟಿಕ್ ಎಷ್ಟು ಕೊಳೆಯಿತು ಎಂಬುದನ್ನು ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್, ಅಂದರೆ ಉಸಿರು, ಅಳೆದು ತಿಳಿಯಬಹುದು. ಅನಿಲ ವಿಶ್ಲೇಷಕ ಇಲ್ಲದೆ, ಬರೀ ಜಾರ್, ಆ ಅನಿಲ ಹೀರುವ ಕ್ಷಾರ, ಹನಿಹನಿ ಅಳೆದು ಬಿಡುವ ಗಾಜಿನ ಕೊಳವೆ (ಬ್ಯುರೆಟ್) ಇಟ್ಟುಕೊಂಡು ಇದು ಆಗದು ಎಂದವರೇ ಹೆಚ್ಚು. ಆಯಿತು. ಮೂರು ಸುತ್ತು ಕೆಟ್ಟ ಮೇಲೆ ನಾಲ್ಕನೆಯದರಲ್ಲಿ, ಸುಲಭವಾಗಿ ಕೊಳೆಯುವುದೆಂದು ಹೋಲಿಕೆಗೆ ಇಟ್ಟ ಸೆಲ್ಯುಲೋಸ್‌ನ ಕೊಳೆತ ಎರಡು ತಿಂಗಳ ಆಸುಪಾಸಿನಲ್ಲಿ 60% ದಾಟಿತು, ಮೂರೂ ಜಾರ್‌ಗಳ ಅಂಕಿ ಒಂದಕ್ಕೊಂದು ಹೊಂದಿದವು. ಖರ್ಚು ವಿಶ್ಲೇಷಕದ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ.

ಮೊದಲ ಸುತ್ತಿನ ದುಡ್ಡೆಲ್ಲ ಬಲೆಚೀಲದಲ್ಲಿ ಫಿಲ್ಮ್ ಹೂತು ತೂಕ ನೋಡುವುದರಲ್ಲೇ ಹೋಯಿತು. ಚೂರುಗಳು ಬಲೆಯಿಂದ ಜಾರಿದರೂ ತೂಕ ಇಳಿಯುತ್ತದೆ. ಮಣ್ಣು ಅಂಟಿಕೊಂಡರೆ ಏರುತ್ತದೆ. ಉಜ್ಜಿ ತೊಳೆದರೆ ಫಿಲ್ಮೇ ಹರಿಯುತ್ತದೆ. ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್) ತುಂಡುಗಳನ್ನು 60 ಡಿಗ್ರಿ ಓವನ್‌ನಲ್ಲಿ ಒಣಗಿಸಿದ್ದು ಇನ್ನೊಂದು ತಪ್ಪು. ಅದು ಮೆತ್ತಗಾಗುವ ಶಾಖವೇ ಅಷ್ಟು, ಎಲ್ಲ ಸುರುಟಿಕೊಂಡವು. 40 ದಾಟಬೇಡಿ.

ಈಗಿನ ಕ್ರಮ: 2 ಮಿ.ಮೀ. ಜರಡಿ ಹಿಡಿದ 300 ಗ್ರಾಂ ಮಣ್ಣು, 1 ಗ್ರಾಂ ಪ್ಲಾಸ್ಟಿಕ್ ಪುಡಿ, ನೀರು ಮಣ್ಣು ಹಿಡಿಯುವುದರ ಅರ್ಧ. ಒಳಗೆ ಸಣ್ಣ ಬೀಕರಿನಲ್ಲಿ ಕ್ಷಾರ: 0.5 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 20 ಮಿ.ಲೀ. ಇದು ಹೀರುವುದು ಹೆಚ್ಚೆಂದರೆ 220 ಮಿ.ಗ್ರಾಂ ಇಂಗಾಲದ ಡೈಆಕ್ಸೈಡ್. 1 ಗ್ರಾಂ ಪಿಎಚ್‌ಬಿ (ಬ್ಯಾಕ್ಟೀರಿಯಾ ತಯಾರಿಸುವ ಪ್ಲಾಸ್ಟಿಕ್) ಪೂರ್ತಿ ಕೊಳೆತರೆ ಬರುವುದು 2 ಗ್ರಾಂಗೂ ಹೆಚ್ಚು, ಜೊತೆಗೆ ಮಣ್ಣಿನದೇ ಉಸಿರು ಬೇರೆ. ಕ್ಷಾರವನ್ನು ವಾರಕ್ಕೊಮ್ಮೆ ಮಾತ್ರ ಬದಲಿಸಿದ್ದಕ್ಕೆ ಎರಡನೆಯ ಸುತ್ತು ಮುಳುಗಿತು. ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ಬದಲಿಸಿ. ಜಾರ್‌ಗೆ ಹೊಸ ಗಾಳಿಯೂ ಆಗಲೇ ಸಿಗುತ್ತದೆ.

ಉಳಿದ ಕ್ಷಾರ ಎಷ್ಟೆಂದು ಆಮ್ಲ ಹನಿಸಿ ಅಳೆಯುವ ಟೈಟ್ರೇಷನ್‌ಗೆ ಮುಂಚೆ ಬೇರಿಯಂ ಕ್ಲೋರೈಡ್ ಹಾಕಿ, ಹೀರಿದ ಅನಿಲದಿಂದಾದ ಕಾರ್ಬೊನೇಟನ್ನು ಗಟ್ಟಿಯಾಗಿ ಕೆಳಗಿಳಿಸಲೇಬೇಕು. ಮರೆತು, ಕ್ಷಾರ ತೋರಿಸುವ ಸೂಚಕ ಫಿನಾಲ್ಫ್ಥಲೀನ್‌ನ ಬಣ್ಣ ಹೋಗುವತನಕ ಆಮ್ಲ ಬಿಟ್ಟರೆ ಲೆಕ್ಕ ಸರಿಯಾಗಿ ಅರ್ಧಕ್ಕೆ ಬರುತ್ತದೆ. ಮೂರನೆಯ ಸುತ್ತಿನ ಅಂಕಿಗಳು ಹೀಗೇ ಹಾಳಾದವು.

ಲ್ಯಾಂಡ್‌ಫಿಲ್ ಮಣ್ಣಿನ ದೊಡ್ಡ ತಲೆನೋವು ಅದರಲ್ಲಿ ಆಗಲೇ ಇರುವ ಸಾವಯವ. ಹಾಗೇ ಬಳಸಿದರೆ ಬ್ಲ್ಯಾಂಕ್ ಜಾರ್‌ನ (ಪ್ಲಾಸ್ಟಿಕ್ ಇಲ್ಲದ, ಬರೀ ಮಣ್ಣಿನ ಜಾರ್) ಉಸಿರು ಮಾದರಿಯದನ್ನೇ ನುಂಗುತ್ತದೆ. ಹದವಾಗಿ ಒದ್ದೆ ಮಾಡಿ, ಏನೂ ಸೇರಿಸದೆ, ಬ್ಲ್ಯಾಂಕ್ ಇಳಿಯುವವರೆಗೆ ಹಸಿವಿನಲ್ಲಿಡಿ. ಎಷ್ಟು ದಿನ, ಕೊನೆಯ ವಾರ ಏನು ಬೆರೆಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಸಾರಜನಕ ಸಾಲದೆ ಉಸಿರಿನ ನಕ್ಷೆಯ ಗೆರೆ ನಡುವೆ ಮಲಗಿದರೆ ಅಮೋನಿಯಂ ಕ್ಲೋರೈಡ್ ಚಿಟಿಕೆ ಸಾಕು. ಕೈ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ನೈಟ್ರೀಕರಣಕ್ಕೇ ಆಮ್ಲಜನಕ ಖರ್ಚಾಗುತ್ತದೆ.

30 ಡಿಗ್ರಿಯಲ್ಲಿ ಪಿಎಚ್‌ಬಿ ಸೆಲ್ಯುಲೋಸ್ ಬೆನ್ನಿಗೇ ನಡೆಯಿತು. ಪಿಬಿಎಟಿ (ಇನ್ನೊಂದು ಕೊಳೆಯುವ ಪ್ಲಾಸ್ಟಿಕ್) ನಿಧಾನ. ಪಿಎಲ್‌ಎ ಆರು ತಿಂಗಳಾದರೂ ಬ್ಲ್ಯಾಂಕ್‌ನಿಂದ ಬೇರೆಯಾಗಿ ಕಾಣಲಿಲ್ಲ. ಅದರ ಅಣುಸರಪಳಿಯನ್ನು ಮೊದಲು ನೀರು ಕತ್ತರಿಸಬೇಕು, ಅದಕ್ಕೆ ಶಾಖ ಬೇಕು; ಕಾಂಪೋಸ್ಟ್ ಪರೀಕ್ಷೆ 58 ಡಿಗ್ರಿಯಲ್ಲಿ ನಡೆಯುವುದು ಸುಮ್ಮನೆ ಅಲ್ಲ. ಕುತೂಹಲಕ್ಕೆ ಪಿಎಲ್‌ಎಯನ್ನು ಕೆಲವು ವಾರ 60 ಡಿಗ್ರಿ ನೀರಿನಲ್ಲಿಟ್ಟು ಪುಡಿಪುಡಿಯಾದ ಮೇಲೆ ಅದೇ ಮಣ್ಣಿಗೆ ಹಾಕಿದೆ, ಉಸಿರು ಎದ್ದಿತು.

ಇದೆಲ್ಲ ಗಾಳಿಯಾಡುವ ಮೇಲ್ಪದರದ ಮಾತು. ಆಳದಲ್ಲಿ ಆಮ್ಲಜನಕವಿಲ್ಲ, ಮೀಥೇನೂ ಹುಟ್ಟುತ್ತದೆ, ಕ್ಷಾರ ಅದನ್ನು ಹಿಡಿಯದು. ಗಾಜಿನ ಸಿರಿಂಜ್‌ನಲ್ಲಿ ಅನಿಲ ಎಳೆದು ಕ್ಷಾರದಲ್ಲಿ ಹಾಯಿಸಿ, ಮೀಥೇನ್ ಎಷ್ಟೆಂದು ತಿಳಿಯಲು ಉಳಿದ ಗಾತ್ರ ಓದುತ್ತಿದ್ದೇನೆ. ಮೊದಲು ಜಾರ್‌ಗೆ ಸಾರಜನಕ ಹಾಯಿಸಿದ್ದರೆ ಅದೂ ಆ ಗಾತ್ರದಲ್ಲೇ ಸೇರಿರುತ್ತದೆ, ಬ್ಲ್ಯಾಂಕ್‌ನದು ಕಳೆಯದೆ ಅಂಕಿ ಬರೆಯಬೇಡಿ.