ಗೇರೆಣ್ಣೆಗೆ ಹೆಲ್ಸಿಂಕಿಯ ಫೀಸು

ಕುಂಬಳೆ ಹತ್ತಿರ ನಮ್ಮದೊಂದು ಸಣ್ಣ ಘಟಕ ಉಂಟು. ಗೇರುಬೀಜದ ಸಿಪ್ಪೆಯಿಂದ ಎಣ್ಣೆ ತೆಗೆಯುತ್ತೇವೆ. ಹಿಂದೆ ಇಲ್ಲಿ ಮರದ ದೋಣಿಗೆ ಬಳಿಯುತ್ತಿದ್ದದ್ದು ಇದೇ ಎಣ್ಣೆ. ಈಗ ಸಿಎನ್‌ಎಸ್‌ಎಲ್ ಅನ್ನುವ ಹೆಸರಲ್ಲಿ ಬ್ರೇಕ್ ಲೈನಿಂಗಿಗೆ, ಪೇಂಟಿಗೆ ಹೋಗುತ್ತದೆ. 2021ರಲ್ಲಿ ಜರ್ಮನಿಯ ಒಬ್ಬ ಗಿರಾಕಿ ವರ್ಷಕ್ಕೆ 40 ಟನ್ ಬೇಕು ಅಂದರು. ರೇಟೂ ಚೆನ್ನಾಗಿತ್ತು. ಮೇಲ್‌ನ ಕೊನೆಯಲ್ಲಿ ಒಂದು ಸಾಲು ಇತ್ತು: ರೀಚ್ ನೋಂದಣಿ ನಿಮ್ಮ ಕಡೆಯಿಂದಲೇ ಆಗಬೇಕು.

ರೀಚ್ ಅಂದರೆ ಯುರೋಪಿನ ಒಕ್ಕೂಟದ ರಾಸಾಯನಿಕಗಳ ಕಾನೂನು, 2007ರಿಂದ ಇದೆ. ಒಂದು ರಾಸಾಯನಿಕ ವರ್ಷಕ್ಕೆ 1 ಟನ್ ಅಥವಾ ಜಾಸ್ತಿ ಒಳಗೆ ಹೋಗಬೇಕಾದರೆ ಅದರ ಗುಣ, ಅಪಾಯ ಎಲ್ಲದರ ಮಾಹಿತಿ ಕೊಟ್ಟು ಹೆಲ್ಸಿಂಕಿಯ ಕೆಮಿಕಲ್ಸ್ ಏಜೆನ್ಸಿಯಲ್ಲಿ ನೋಂದಣಿ ಮಾಡಿಸಬೇಕು. ಮಾಹಿತಿ ಇಲ್ಲದಿದ್ದರೆ ಮಾರಾಟವೂ ಇಲ್ಲ. ನಮ್ಮಂಥ ಹೊರಗಿನವರು ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ. ಅಲ್ಲಿ ನೆಲೆ ಇರುವ ಒಬ್ಬರನ್ನು ‘ಓನ್ಲಿ ರೆಪ್ರೆಸೆಂಟೇಟಿವ್’ ಅಂತ ನೇಮಿಸಬೇಕು. ನಾವೂ ಒಬ್ಬರನ್ನು ಹಿಡಿದೆವು.

ಮೊದಲು ನಾನು ನೋಡಿದ್ದು ತಪ್ಪಿಸಿಕೊಳ್ಳುವ ದಾರಿಯನ್ನೇ, ಸುಳ್ಳು ಯಾಕೆ ಹೇಳಲಿ. ಪ್ರಕೃತಿಯಲ್ಲಿ ಸಿಗುವ, ರಾಸಾಯನಿಕವಾಗಿ ಬದಲಾಗದ ವಸ್ತುವಿಗೆ ನೋಂದಣಿ ಬೇಡ ಅಂತ ಒಂದು ವಿನಾಯಿತಿ ಇದೆ. ಗೇರು ಮರದಲ್ಲೇ ಬೆಳೆಯುತ್ತದಲ್ವಾ? ಆದರೆ ನಾವು ಸಿಪ್ಪೆಯನ್ನು ಹುರಿದು ಎಣ್ಣೆ ತೆಗೆಯುತ್ತೇವೆ. ಆ ಬಿಸಿಗೆ ಅನಕಾರ್ಡಿಕ್ ಆಮ್ಲ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಅಂದರೆ ವಸ್ತುವೇ ಬದಲಾಯಿತು. ಹಾಗಾದರೆ ಹುರಿಯದೆ ಗಾಣದ ಹಾಗೆ ಒತ್ತಿ ತೆಗೆದರೆ? ಅದಕ್ಕೂ ಉತ್ತರ ತಯಾರಿತ್ತು. ವಸ್ತು ಅಪಾಯಕಾರಿ ಅಂತ ವರ್ಗೀಕರಣವಾದರೆ ಆ ವಿನಾಯಿತಿ ಸಿಗುವುದಿಲ್ಲ. ಗೇರಿನ ಸೊನೆ ಚರ್ಮ ಸುಡುತ್ತದೆ ಅಂತ ತಿಳಿಯಲು ಲ್ಯಾಬ್ ರಿಪೋರ್ಟ್ ಬೇಕಾಗಿರಲಿಲ್ಲ. ಬೀಜ ಒಡೆಯುವ ಅಕ್ಕಂದಿರ ಬೆರಳು ನೋಡಿದರೆ ಸಾಕು.

ಸರಿ, ಇನ್ನು ಫೀಸಿನ ವಿಷಯ. ಆಗಿನ ಪಟ್ಟಿಯಲ್ಲಿ 10ರಿಂದ 100 ಟನ್ ವರ್ಗಕ್ಕೆ ಒಬ್ಬರೇ ಹೋದರೆ 4,674 ಯೂರೋ. ಅದೇ ವಸ್ತುವನ್ನು ಮೊದಲೇ ನೋಂದಾಯಿಸಿದವರ ಗುಂಪಿಗೆ ಸೇರಿದರೆ 3,506. ನಾವು ಗುಂಪಿಗೇ ಸೇರಿದೆವು. ಇದು ವರ್ಷ ವರ್ಷ ಕಟ್ಟುವುದಲ್ಲ, ಒಂದೇ ಸಲ. ಮುಂದೆ 100 ಟನ್ ದಾಟಿದರೆ ವ್ಯತ್ಯಾಸದ ಹಣ ಕಟ್ಟಬೇಕು.

ಆ ಮೊತ್ತದ ಮೇಲೆ ಕಂಪನಿಯ ಗಾತ್ರ ನೋಡಿ ಆಗ ಕಡಿತ ಕೊಡುತ್ತಿದ್ದರು. ಮಧ್ಯಮಕ್ಕೆ ನೂರಕ್ಕೆ 35, ಸಣ್ಣದಕ್ಕೆ 65, ಅತಿ ಸಣ್ಣದಕ್ಕೆ 95. ಸಣ್ಣ ಉದ್ಯಮಗಳಿಗೆ ನಮ್ಮ ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟನ್ನು ನಾನು ಖುಷಿಯಿಂದ ಕಳಿಸಿದೆ. ಅದರಲ್ಲಿ ನಾವು ಮೈಕ್ರೋ, ಅಂದರೆ ಅತಿ ಸಣ್ಣ. 175 ಯೂರೋದಲ್ಲಿ ಕೆಲಸ ಮುಗಿಯಿತು ಅಂದುಕೊಂಡೆ. ಪ್ರತಿನಿಧಿ ಅದನ್ನು ಹಾಗೇ ವಾಪಸ್ ಕಳಿಸಿದರು. ನಮ್ಮ ದೇಶದ ಲೆಕ್ಕ ಹೂಡಿಕೆ ಮತ್ತು ವಹಿವಾಟಿನ ಮೇಲೆ ನಿಂತಿದೆ. ಅವರು ತಲೆಯನ್ನೂ ಎಣಿಸುತ್ತಾರೆ. ಅತಿ ಸಣ್ಣದು ಅನ್ನಿಸಿಕೊಳ್ಳಬೇಕಾದರೆ ಕೆಲಸದವರು 10ಕ್ಕಿಂತ ಕಡಿಮೆ, ಸಣ್ಣದಕ್ಕೆ 50ಕ್ಕಿಂತ ಕಡಿಮೆ ಇರಬೇಕು. ನಮ್ಮಲ್ಲಿ 14 ಜನ.

ಹಾಗಾದರೆ ಸಣ್ಣದು ಅಂದುಕೊಂಡರೆ ಅಲ್ಲೂ ಒಂದು ಗಂಟು. ನಮ್ಮ ಘಟಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮಾವನ ಗೇರುಬೀಜ ಫ್ಯಾಕ್ಟರಿಯದ್ದು. ಹಾಗಿದ್ದರೆ ಅದರ ಕೆಲಸದವರನ್ನೂ ಪೂರ್ತಿಯಾಗಿ ನಮ್ಮ ಲೆಕ್ಕಕ್ಕೆ ಸೇರಿಸಬೇಕು. ಅಲ್ಲಿ 44 ಜನ. ಒಟ್ಟು 58. ಅಂದರೆ ಮಧ್ಯಮ, 2,279 ಯೂರೋ.

ನಾನು ಹೆಚ್ಚುಕಡಿಮೆ ಒಪ್ಪಿಕೊಂಡೇ ಬಿಟ್ಟಿದ್ದೆ. ಸುಮ್ನೆ ಒಂದು ರಾತ್ರಿ ನಿಯಮ ಓದುತ್ತಾ ಕೂತಾಗ ಕಂಡಿತು: ಅವರು ಎಣಿಸುವುದು ಜನರನ್ನಲ್ಲ, ವರ್ಷದ ದುಡಿಮೆಯನ್ನು. ವರ್ಷವಿಡೀ ಪೂರ್ತಿ ದುಡಿದವರು ಒಂದು, ಆರು ತಿಂಗಳು ದುಡಿದವರು ಅರ್ಧ. ಮಾವನಲ್ಲಿ ಖಾಯಂ ಇರುವವರು 8 ಮಂದಿ. ಉಳಿದ 36 ಮಂದಿಗೆ ಆ ವರ್ಷ ಆರು ತಿಂಗಳ ಕೆಲಸ ಮಾತ್ರ ಇತ್ತು, ಅಂದರೆ 18. ನಮ್ಮ 14 ಸೇರಿದರೆ 40. ಸಣ್ಣದೇ! 1,227 ಯೂರೋ. ಆಗಿನ ಲೆಕ್ಕದಲ್ಲಿ 1 ಲಕ್ಷ ರೂಪಾಯಿಗೆ ಸ್ವಲ್ಪ ಮೇಲೆ.

ಅದನ್ನು ತೋರಿಸುವುದು ಬೇರೆ ಕಥೆ. ಗಾತ್ರ ತಪ್ಪು ಅಂತ ಆಮೇಲೆ ಕಂಡುಬಂದರೆ ಉಳಿದ ಫೀಸಿನ ಮೇಲೆ ದಂಡದಂಥ ಇನ್ನೊಂದು ಶುಲ್ಕ ಬೀಳುತ್ತಿತ್ತು. ಹಾಗಾಗಿ ಎಲ್ಲದಕ್ಕೂ ಕಾಗದ ಬೇಕು. ಪಂಚಾಯತ್ ಲೈಸೆನ್ಸ್ ಮಲಯಾಳದಲ್ಲಿ, ಮಾವನ ಹಾಜರಿ ಪುಸ್ತಕ ಕನ್ನಡದಲ್ಲಿ, ಅದೂ ಪೆನ್ಸಿಲಿನಲ್ಲಿ. ಎಲ್ಲವನ್ನೂ ಇಂಗ್ಲಿಷಿಗೆ ಮಾಡಿಸಿ, ಆಡಿಟರ್ ಸಹಿ ಹಾಕಿಸಲು ಮೂರು ವಾರ ಹಿಡಿಯಿತು.

ಮಾವನಿಗೆ ಇದೆಲ್ಲ ಕಿರಿಕಿರಿ. “ಅಲ್ಲ ಮಾರಾಯ, ಎಣ್ಣೆ ನಮ್ಮದು, ಫಿನ್ಲೆಂಡಿನವರಿಗೆ ಯಾಕೆ ದುಡ್ಡು?” ಅಂದರು. ಅವರ ಊರು ಎಣ್ಮಕಜೆ ಕಡೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳನ್ನು ಕಣ್ಣಾರೆ ನೋಡಿದವರು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. “ಆಗ ಮೊದಲೇ ಹೀಗೆ ಕೇಳುವವರು ಇದ್ದಿದ್ದರೆ, ಮಾವ?” ಅಂದೆ. ಅವರು ಮಾತಾಡದೆ ಹಾಜರಿ ಪುಸ್ತಕ ನನ್ನ ಕಡೆ ತಳ್ಳಿದರು.

ಇಷ್ಟು ಒದ್ದಾಡಿದ ಸರ್ಕಾರಿ ಫೀಸು ಒಟ್ಟು ಖರ್ಚಿನಲ್ಲಿ ಚಿಕ್ಕ ತುಂಡು ಅಷ್ಟೇ. ಮೊದಲು ನೋಂದಾಯಿಸಿದವರು ಮಾಡಿಸಿದ ಪರೀಕ್ಷೆಗಳ ಮಾಹಿತಿ ಬಳಸಲು ‘ಲೆಟರ್ ಆಫ್ ಆಕ್ಸೆಸ್’ ಕೊಳ್ಳಬೇಕು. ಅದು ಫೀಸಿನ ಹಲವು ಪಟ್ಟು ಆಯಿತು. ಅದಕ್ಕೆ ಪಟ್ಟಿ ಇಲ್ಲ, ಸಣ್ಣವರು ಅಂತ ಕಡಿತವೂ ಸಿಗಲಿಲ್ಲ. ಹೇಗೆ ಲೆಕ್ಕ ಹಾಕಿದಿರಿ ಅಂತ ವಿವರ ಕೇಳುವ ಹಕ್ಕು ನಮಗಿದೆ. ಕೇಳಿದ ಮೇಲೆ ಸ್ವಲ್ಪ ಇಳಿಯಿತು. ಈ ದಾರಿಗೆ ಹೊಸದಾಗಿ ಬರುವವರು ಮೊದಲು ಇದನ್ನು ವಿಚಾರಿಸಿ, ಆಮೇಲೆ ಫೀಸಿನ ಪಟ್ಟಿ ನೋಡಿ.

ಹಣ ಕಳಿಸುವಾಗ ಎಡವಿದೆ. ಇನ್ವಾಯ್ಸ್ ಬಂದ ಮೇಲೆ ಕಟ್ಟಲು 14 ದಿನ. ಪ್ರತಿನಿಧಿಗೆ ಬ್ಯಾಂಕಿನಿಂದ ಸರಿಯಾಗಿ 1,227 ಕಳಿಸಿದೆ. ಮಧ್ಯದ ಬ್ಯಾಂಕ್ ತನ್ನ ಕಮಿಷನ್ ಮುರಿದುಕೊಂಡು, ಅಲ್ಲಿಗೆ ಮುಟ್ಟಿದ್ದು 1,202. ಪೂರ್ತಿ ಮೊತ್ತ ಬರದೆ ಕಟ್ಟುವುದಿಲ್ಲ ಅಂದರು ಅವರು. 25 ಯೂರೋ ಕಳಿಸಲು ಮತ್ತೆ ಅದೇ ಫಾರ್ಮು, ಅದೇ ಕ್ಯೂ, ಮಧ್ಯೆ ಎರಡು ದಿನ ರಜೆ. ಹನ್ನೆರಡನೇ ದಿನ ಮುಟ್ಟಿತು. ಫಾರ್ಮಿನಲ್ಲಿ ಖರ್ಚು ಯಾರದ್ದು ಅಂತ ಕೇಳುವ ಜಾಗದಲ್ಲಿ ಇಂಗ್ಲಿಷಿನ ‘ಅವರ್’ (OUR), ಅಂದರೆ ಎಲ್ಲ ನಮ್ಮದೇ, ಅಂತ ಟಿಕ್ ಹಾಕಬೇಕಿತ್ತು. ‘ಶೇರ್ಡ್’ ಅಂತ ಹಾಕಿದ್ದೆ.

ಅಮೆರಿಕದ ಒಬ್ಬ ವ್ಯಾಪಾರಿಯೂ 2024ರಲ್ಲಿ ಬಂದರು. ಕಾರ್ಡನಾಲಿನಿಂದ ನಾವು ಮಾಡಿದ ಒಂದು ಹೊಸ ರಾಳ ಅವರಿಗೆ ಬೇಕಿತ್ತು. ಅದು ಅಲ್ಲಿನ ಪಟ್ಟಿಯಲ್ಲಿ ಇಲ್ಲದ ವಸ್ತು. ಆಮದು ಮಾಡುವವರೇ 90 ದಿನ ಮೊದಲು ನೋಟಿಸ್ ಕೊಟ್ಟು ಫೀಸು ಕಟ್ಟಬೇಕು. 2018ರ ಮೊದಲು 2,500 ಡಾಲರ್ ಇದ್ದದ್ದು ಆ ವರ್ಷ 16,000 ಆಗಿ, 2024ರ ಏಪ್ರಿಲಿನಲ್ಲಿ 37,000ಕ್ಕೆ ಏರಿತ್ತು. ಸಣ್ಣ ಉದ್ಯಮಕ್ಕೆ 6,480 ಮಾತ್ರ, ಆದರೆ ಅಲ್ಲಿ ನೋಡುವುದು ಆಮದುದಾರರ ಗಾತ್ರವನ್ನು, ನಮ್ಮದನ್ನಲ್ಲ. ಇವರು ದೊಡ್ಡವರು. ವರ್ಷಕ್ಕೆ 10 ಟನ್ ಮೀರದಿದ್ದರೆ ಬೇರೆ ಅರ್ಜಿ ಇದೆ, ಅದಕ್ಕೂ 10,870. ಅದರಲ್ಲಿ ಅರ್ಧ ನೀವು ಹಾಕಿ ಅಂದರು. ಆರ್ಡರ್ ಎಷ್ಟು ಅಂತ ಕೇಳಿದೆ. ಮೊದಲ ವರ್ಷ 600 ಕಿಲೋ ಅಂದರು. ಸ್ಯಾಂಪಲ್ ತುಂಬಿದ ಕ್ಯಾನ್ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ.